ಹುರುಳಿಯ ಕೊಪ್ಪರಿಗೆ

ಆದೋನಿಯಲ್ಲಿ ಹುಟ್ಟಿ ಬೆಳೆದ ನಾನು ಆಲೂರಿನ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದಾಗ ನನಗೆ ಹದಿನೇಳು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಂದ ನಾಲ್ಕನೇ ತಿಂಗಳಿಗೆ ಬಿತ್ತನೆಯ ಮುಯ್ಯಿ ನಮ್ಮ ಹೊಲದ ಪಾಲಿಗೆ ಬಂತು. ಮುಯ್ಯಿ ಎಂದರೆ, ಇವತ್ತು ಊರವರು ತಮ್ಮ ಎತ್ತು ಕೂರಿಗೆ ಹೊಡೆದುಕೊಂಡು ನಮ್ಮ ಹೊಲಕ್ಕೆ ಬರುತ್ತಾರೆ, ನಾಳೆ ನಮ್ಮವರು ಅವರ ಹೊಲಕ್ಕೆ ಹೋಗುತ್ತಾರೆ. ಕೂಲಿಯ ಮಾತಿಲ್ಲ. ಆದರೆ ಸಂಜೆ ಎತ್ತಿಗೂ ಮನುಷ್ಯರಿಗೂ ಹೊಟ್ಟೆ ತುಂಬ ಹಾಕಬೇಕು. ಅದು ಯುದ್ಧದ ಕಾಲ, ಅಕ್ಕಿ ಕಣ್ಣಿಗೆ ಬೀಳುತ್ತಿರಲಿಲ್ಲ. ಮನೆಯಲ್ಲಿ ಬೆಳೆದ ಹುರುಳಿಯೇ ಎಲ್ಲರಿಗೂ ಗತಿ.

ನಮ್ಮಲ್ಲಿ ಅಂಥ ಊಟದ ಸೌಟು ಹಿಡಿಯುತ್ತಿದ್ದವರು ಇಬ್ಬರೇ. ಒಬ್ಬರು ನನ್ನ ಅತ್ತೆ, ಇನ್ನೊಬ್ಬರು ಅದೇ ಓಣಿಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದ ಮಾವನ ಅಕ್ಕ. ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆವು. ಅತ್ತೆ ಮಗಳ ಬಾಣಂತನಕ್ಕೆಂದು ಕೌತಾಳಕ್ಕೆ ಹೋಗಿದ್ದರು. ಹಿಂದಿನ ದಿನ ದೊಡ್ಡತ್ತೆ ಹುರುಳಿ ಅಳೆಯಲು ಬಂದಾಗ, ನಾನೇ ಮಾಡುತ್ತೇನೆ ಎಂದುಬಿಟ್ಟೆ.

"ನಲವತ್ತು ಮಂದಿ ಬರ್ತಾರವ್ವ, ಪ್ಯಾಟಿ ಹುಡುಗಿ," ಅಂದರು.

"ಬರಲಿ ಬಿಡ್ರಿ."

"ಕೆಟ್ಟರ ನಿಮ್ಮ ಮಾವಗ ಊರಾಗ ತಲಿ ಎತ್ತಾಕ ಆಗಾಂಗಿಲ್ಲ. ಆಮ್ಯಾಲ ನಾ ಇರೋತನ ಮಂದಿ ಊಟದ ಸೌಟು ನಿನ್ನ ಕೈಗೆ ಸಿಗಾಂಗಿಲ್ಲ. ತಿಳೀತಾ?"

ತಿಳಿಯಿತು ಎಂದೆ. ಮೈಯೆಲ್ಲ ಉರಿಯುತ್ತಿತ್ತು.

ಬೆಳಗಾಗುತ್ತಲೇ ಹಿತ್ತಲಲ್ಲಿ ತೋಡಿದ ಉದ್ದ ಗುಂಡಿಗೆ ಕುಳ್ಳು, ಅಂದರೆ ಸಗಣಿಯ ಬೆರಣಿ ತುಂಬಿ, ಅದರ ಮೇಲೆ ತಾಮ್ರದ ಕೊಪ್ಪರಿಗೆ ಕೂರಿಸಿ ಹುರುಳಿ ಸುರಿದೆ. ಕುಳ್ಳಿನ ಬೆಂಕಿ ಭಗ್ಗನೆ ಉರಿಯುವುದಿಲ್ಲ, ದಿನವಿಡೀ ಕುಂತು ಕೆಲಸ ಮಾಡುತ್ತದೆ. ಉಪ್ಪು ಹಾಕುವ ಹಾಗಿಲ್ಲ. ಎತ್ತುಗಳ ಪಾಲು ತೆಗೆದ ಮೇಲೆಯೇ ಮನುಷ್ಯರಿಗೆ ಉಪ್ಪು ಖಾರ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಕುಡಿಯುವ ನೀರನ್ನು ನಾವು ಹಳ್ಳದ ಮರಳಲ್ಲಿ ತೋಡಿದ ಚೆಲುಮೆಯಿಂದ ಹೊತ್ತು ತರಬೇಕಿತ್ತು. ಕೊಪ್ಪರಿಗೆ ತುಂಬಲು ಇಪ್ಪತ್ತು ಕೊಡವಾದರೂ ಬೇಕು. ಹಿತ್ತಲಲ್ಲೇ ಬಾವಿ ಇದೆ, ನೀರು ಸ್ವಲ್ಪ ಸವುಳು, ಉಪ್ಪುಪ್ಪು, ಆದರೂ ಕುದಿಸಿದರೆ ಎಲ್ಲ ನೀರೂ ಒಂದೇ ಎಂದು ನನ್ನ ಪೇಟೆಯ ಬುದ್ಧಿ ಹೇಳಿತು. ಬಾವಿಯಿಂದಲೇ ಸೇದಿ ತುಂಬಿದೆ. ಎಂಥ ಜಾಣೆ ನಾನು ಎಂದು ಬೀಗಿದೆ ಕೂಡ.

ಮಧ್ಯಾಹ್ನ ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಹಲ್ಲೇ ಕಟ್ ಎಂದಿತು. ಅಷ್ಟು ಹೊತ್ತು ಕುದಿದ ಹುರುಳಿ ಕಲ್ಲಿನ ಹಾಗೆ ಕುಳಿತಿತ್ತು. ಅದೇ ಹೊತ್ತಿಗೆ ಬಂದ ದೊಡ್ಡತ್ತೆ ಕೊಪ್ಪರಿಗೆಯ ನೊರೆ ನೋಡಿದರು.

"ಯಾ ನೀರು ಹಾಕಿದಿ?"

"ಬಾವೀವು."

ಅವರು ಕಟ್ಟೆಯ ಮೇಲೆ ಕುಳಿತು ನಕ್ಕರು. "ಸವುಳು ನೀರಾಗ ಹುರುಳಿ ನಾಳೆ ಸಂಜಿಗೂ ಬೇಯಾಂಗಿಲ್ಲ. ಸೌಟು ಇಲ್ಲಿ ಕೊಡು."

ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಅವರ ಮೇಲಲ್ಲ, ನನ್ನ ಮೇಲೆಯೇ. "ಸಂಜಿ ಇನ್ನಾ ಆಗಿಲ್ಲ ದೊಡ್ಡತ್ತಿ," ಎಂದು ಸೌಟು ಗಟ್ಟಿಯಾಗಿ ಹಿಡಿದೆ.

ಒಳಗೆ ಓಣಿಯ ಆರು ಮಂದಿ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅವರ ಮುಂದೆ ಹೋಗಿ ನಿಂತು, ನೀರಿನಾಗ ತಪ್ಪು ಮಾಡೀನಿ, ಹಳ್ಳಕ್ಕ ಬರ್ರಿ ಎಂದೆ. ಯಾರೂ ಹಂಗಿಸಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಕೊಡ ಎತ್ತಿಕೊಂಡರು. ಬಾವಿಯ ನೀರೆಲ್ಲ ಬಸಿದು ಚೆಲ್ಲಿದೆ. ಏಳೂ ಜನ ಮೂರು ಸಲ ಹಳ್ಳಕ್ಕೆ ಹೋಗಿ ಬಂದೆವು. ಹೊಸ ನೀರು ಹೊಯ್ದು, ಕುದಿ ಬರುವವರೆಗೆ ಹತ್ತಿಕಟ್ಟಿಗೆ ಉರಿಸಿ, ಮತ್ತೆ ಕುಳ್ಳು ಮುಚ್ಚಿದೆ. ಅಲ್ಲಿಂದ ಕದಲಲಿಲ್ಲ. ಹೊಗೆಗೆ ಕಣ್ಣು ಕೆಂಡವಾದವು.

ಬಿಸಿಲು ಇಳಿದ ಮೇಲೆ ಒಂದು ಕಾಳನ್ನು ಎರಡು ಬೆರಳ ನಡುವೆ ಒತ್ತಿದೆ. ಬೆಣ್ಣೆಯ ಹಾಗೆ ಹಿಸುಕಿಹೋಯಿತು. ನಂಬಿಕೆ ಬರಲಿಲ್ಲ. ತಳದಿಂದ ಹತ್ತು ಕಾಳು ತೆಗೆದು ಒತ್ತಿದೆ. ಎಲ್ಲವೂ ಬೆಂದಿದ್ದವು. ಗೆದ್ದೆ ಎಂದು ಬಾಯಿಬಿಟ್ಟೇ ಹೇಳಿದೆ, ಕೇಳುವವರು ಯಾರೂ ಇರಲಿಲ್ಲ.

ಕೂರಿಗೆಗಳು ಮನೆಗೆ ಬಂದವು. ಎತ್ತುಗಳ ಪಾಲು ಬುಟ್ಟಿಗೆ ತೋಡಿಕೊಟ್ಟ ಮೇಲೆ ಉಪ್ಪು, ಹುಣಸೆಹುಳಿ, ಕುಟ್ಟಿದ ಖಾರ, ಕುಸುಬೆ ಎಣ್ಣೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಬಿತ್ತು. ವಾಸನೆ ಓಣಿಯ ತುದಿಗೆ ಮುಟ್ಟಿತು. ಸಾಲಾಗಿ ಕುಳಿತ ಗಂಡಸರು ರೊಟ್ಟಿ ಮುರಿದು ಹಾಕಿಕೊಂಡು ಉಂಡರು. ಒಬ್ಬ ಮುದುಕ ತೆಲುಗಿನಲ್ಲಿ ಇನ್ನಷ್ಟು ಹಾಕಮ್ಮ ಎಂದು ಮೂರು ಸಲ ತಟ್ಟೆ ಒಡ್ಡಿದ. ಸೊಸೆಯೊಡನೆ ನೇರ ಮಾತಾಡದ ನಮ್ಮ ಮಾವ ಗೋಡೆಯ ಕಡೆ ತಿರುಗಿ, "ಹುರಳಿ ಚೊಲೊ ಬೆಂದೈತಿ," ಎಂದರು. ಆವತ್ತಿನ ನನ್ನ ಸಂತೋಷವನ್ನು ಬೇರೆ ಯಾವ ದಿನದ ಸಂತೋಷಕ್ಕೂ ನಾನು ಬಿಟ್ಟುಕೊಡುವುದಿಲ್ಲ.

ಕೊನೆಗೆ ಹೆಂಗಸರು ಉಣ್ಣಲು ಕುಳಿತೆವು. ದೊಡ್ಡತ್ತೆ ನನ್ನ ಪಕ್ಕದಲ್ಲೇ ಕುಳಿತು ಉಂಡರು, ನಾನು ಕೇಳುವ ಮೊದಲೇ ಎರಡನೇ ಸಲ ಹಾಕಿಸಿಕೊಂಡರು. ಆಮೇಲೆ ತಟ್ಟೆ ನೋಡುತ್ತಲೇ, "ಮಂಗಳವಾರ ಮುಯ್ಯಿ ನಮ್ಮ ಹೊಲಕ್ಕ ಐತಿ. ಅಡಿಗಿಗೆ ನೀನ ಬರ್ತೀಯೇನು?" ಎಂದರು.

ನನಗೆ ಚೆನ್ನಾಗಿಯೇ ಕೇಳಿಸಿತು. ಆದರೂ ಅವರು ಇನ್ನೊಂದು ಸಲ ಕೇಳುವವರೆಗೆ ರೊಟ್ಟಿ ಮುರಿಯುತ್ತಲೇ ಇದ್ದೆ.