ಮಾರಬೇಡಿ ಎಂಬ ತಂತಿ

1946ರಲ್ಲಿ ನಾನು ಕಾಸರಗೋಡಿನ ಅಂಚೆ ಕಚೇರಿಯಲ್ಲಿ ಸಿಗ್ನಲರ್ ಆಗಿದ್ದೆ. ಮೋರ್ಸ್ ಸಂಕೇತದಲ್ಲಿ ತಂತಿ ಕಳಿಸುವುದು, ಬಂದದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಊರಿನ ಸಾವು, ಮದುವೆ, ವ್ಯಾಪಾರ ಎಲ್ಲವೂ ನನ್ನ ಬೆರಳಿನ ಮೂಲಕವೇ ಹೋಗುತ್ತಿತ್ತು; ಒಂದನ್ನೂ ಹೊರಗೆ ಆಡುವಂತಿರಲಿಲ್ಲ. ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಇದ್ದ ನನ್ನೊಡನೆ ಕಚೇರಿಯ ಕಿಟಕಿಯಲ್ಲಿ ನಿಂತು ನಾಲ್ಕು ಮಾತಾಡುತ್ತಿದ್ದವರು ಪದ್ಮಾವತಿ ಟೀಚರ್ ಒಬ್ಬರೇ.

ಅವರ ಗಂಡ ಮುಂಬಯಿಯ ಬಟ್ಟೆ ಗಿರಣಿಯೊಂದರ ಅರವತ್ತು ಷೇರು ಬಿಟ್ಟು ತೀರಿಕೊಂಡಿದ್ದರು. ಟೀಚರರ ಕಣ್ಣಿಗೆ ಪೊರೆ ಬರುತ್ತಿತ್ತು. ಆ ವರ್ಷವೇ ಕೆಲಸ ಬಿಟ್ಟು ಷೇರಿನ ಆಧಾರದಲ್ಲಿ ಬದುಕುವುದೆಂದು ಅವರು ಎಣಿಸಿದ್ದರು.

ಒಂದು ಶನಿವಾರ ಅವರು ದಲ್ಲಾಳಿಯ ಕಾಗದ ಹಿಡಿದು ಬಂದರು. ಮಾರುವುದೋ, ಇಟ್ಟುಕೊಳ್ಳುವುದೋ ತಿಳಿಸಿ ಎಂದು ಅದರಲ್ಲಿತ್ತು.

"ಮಾರುಕಟ್ಟೆ ಬೀಳ್ತದೆ ಅಂತ ಪೇಪರಿನಲ್ಲಿ ಉಂಟು. ಇನ್ನೂ ಏರ್ತದೆ ಅಂತ ಅದೇ ಪೇಪರಿನಲ್ಲಿ ಉಂಟು. ನಾನು ಎಂತ ಮಾಡ್ಲಿ, ತಂತಿ ಮಾಸ್ತರರೇ?"

ಅದೇ ಬೆಳಿಗ್ಗೆ ಬದಿಯಡ್ಕದ ಇಬ್ಬರು ಅಡಿಕೆ ವ್ಯಾಪಾರಿಗಳು ಮುಂಬಯಿಗೆ ತಂತಿ ಕೊಟ್ಟಿದ್ದರು: ಸಿಕ್ಕಿದ ಬೆಲೆಗೆ ಎಲ್ಲ ಷೇರು ಮಾರಿ. ಇಬ್ಬರೂ ಲೆಕ್ಕ ತಪ್ಪುವವರಲ್ಲ. ಮಾತು ನನ್ನ ಗಂಟಲಿಗೆ ಬಂದಿತ್ತು.

"ನನಗೆ ಅದೆಲ್ಲ ಗೊತ್ತಾಗುವುದಿಲ್ಲ ಟೀಚರ್" ಎಂದೆ.

ಅವರು ಫಾರಮನ್ನು ಕಣ್ಣಿನ ಹತ್ತಿರ ಹಿಡಿದು, ಈಗ ಮಾರಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ನಾನೇ ಅದನ್ನು ಕಳಿಸಿದೆ.

ಕೆಲವೇ ವಾರಗಳಲ್ಲಿ ಬೆಲೆ ಕುಸಿಯಿತು. ದಲ್ಲಾಳಿಯ ತಂತಿ ಬಂದಾಗ ಒಂದೊಂದೇ ಅಕ್ಷರ ಕಿವಿಯಿಂದ ಕೇಳಿ ಬರೆದುಕೊಂಡವನು ನಾನು. ತಂತಿ ಹಂಚುವ ಪ್ಯೂನ್ ಅಂದು ರಜೆಯಲ್ಲಿದ್ದ, ನಾನೇ ಒಯ್ದೆ. ಟೀಚರ್ ಜಗಲಿಯಲ್ಲಿ ಕೂತು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದರು. ತಂತಿಯನ್ನು ಎರಡು ಸಲ ಓದಿದರು.

"ಮಾರಿದವರು ಈ ಕಡೆಯಲ್ಲೂ ಇದ್ದಾರಂತೆ. ಅವರ ತಂತಿಯೂ ನಿಮ್ಮ ಕೈಯಲ್ಲೇ ಹೋದದ್ದಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೈ ಅಡ್ಡ ಹಿಡಿದರು.

"ಬೇಡ, ಹೇಳಬೇಡಿ. ಹೇಳಿದರೆ ನಾಳೆಯಿಂದ ನಿಮ್ಮ ಹತ್ರ ತಂತಿ ಕೊಡ್ಲಿಕ್ಕೆ ನನಗೇ ಹೆದರಿಕೆ."

ಟೀಚರ್ ಮತ್ತೆ ನಾಲ್ಕು ವರ್ಷ ಪಾಠ ಮಾಡಿದರು. ಪುಸ್ತಕ ಕಾಣದಿದ್ದಾಗ ಬಾಯಿಪಾಠದಿಂದಲೇ ಕಲಿಸುತ್ತಿದ್ದರಂತೆ. ಷೇರಿನ ತಂತಿಗಳು ನಿಂತ ಮೇಲೆ ಕಿಟಕಿಗೆ ಬರುವ ಕಾರಣ ಅವರಿಗೆ ಉಳಿಯಲಿಲ್ಲ. ದಾರಿಯಲ್ಲಿ ಎದುರಾದರೆ, ನಾನು ಮಾತಾಡಿಸುವ ತನಕ ಅವರಿಗೆ ಗುರುತು ಹತ್ತುತ್ತಿರಲಿಲ್ಲ. ಅನೇಕ ಸಲ ನಾನು ಮಾತಾಡಿಸದೆ ದಾಟಿ ಹೋದೆ.

ಗುಟ್ಟು ಕಾಯಬೇಕೆಂಬ ನಿಯಮವನ್ನು ಇಲಾಖೆ ನನಗೆ ತರಬೇತಿಯ ಮೊದಲ ದಿನವೇ ಕಲಿಸಿತ್ತು. ಕಾದ ಮೇಲೆ, ಅದರಿಂದ ನಷ್ಟವಾದವರನ್ನು ಹೇಗೆ ಎದುರಿಸಬೇಕೆಂಬುದನ್ನು ಮೂವತ್ತೊಂದು ವರ್ಷಗಳ ನೌಕರಿಯಲ್ಲಿ ನಾನೇ ಕಲಿಯಬೇಕಾಯಿತು. ತಡವಾಗಿ ಕಲಿತೆ. ಆ ದಾರಿಯಲ್ಲಿ ನಿಂತು ಅವರನ್ನು ಮಾತಾಡಿಸಬೇಕಿತ್ತು.