ಉಂಡ ಎಲೆ ಬಿಚ್ಚಿ ನೋಡುವ ವಾಗಿಯೆಮ್

ಗುನುಂಗ್‌ಕಿದುಲ್ ಗುಡ್ಡಗಳಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ಆಗಲೇ ಒಲೆ ಉರಿಯುತ್ತಿದೆ. ಬಿಸಿ ಅನ್ನ, ಹುರಿದ ಟೆಂಪೆ ಎಂಬ ಸೋಯಾಕಾಳಿನ ಬಿಲ್ಲೆ, ಸೊಪ್ಪಿನ ಪಲ್ಯ, ಮೇಲೊಂದು ಚೂರು ಖಾರದ ಸಾಂಬಾಲ್ ಚಟ್ನಿ. ಎಲ್ಲವನ್ನೂ ತೇಗದ ಎಲೆಯಲ್ಲಿ ಮಡಚಿ, ಬಿದಿರುಕಡ್ಡಿ ಚುಚ್ಚಿ ಬುಟ್ಟಿಗೆ ಹಾಕುತ್ತಿದ್ದಾರೆ ವಾಗಿಯೆಮ್. "ಫೋಟೋ ಆಮೇಲೆ ತೆಗೀರಂತೆ. ಮೊದಲು ಆ ಬುಟ್ಟಿ ಈಚೆ ತಳ್ಳಪ್ಪ," ಎಂದು ನಮ್ಮ ಜೊತೆ ಬಂದ ಫೋಟೋಗ್ರಾಫರನಿಗೂ ಕೆಲಸ ಹಚ್ಚುತ್ತಾರೆ.

ಗಂಡ ತೀರಿಕೊಂಡ ಮೇಲೆ ಹಿಡಿದ ಕ್ಯಾಂಟೀನು ಇದು. ಆಗೆಲ್ಲ ಊಟ ಪ್ಲಾಸ್ಟಿಕ್ ಚೀಲದಲ್ಲೇ. ಮೈದಾನದ ತುಂಬ ಚೀಲಗಳು ಹಾರಾಡುತ್ತಿದ್ದವು. ಒಂದು ದಿನ ಅವರದೇ ಆಡು ಹೊಟ್ಟೆ ಉಬ್ಬಿ ಸತ್ತಿತು. "ಹೊಟ್ಟೇಲಿ ಸಿಕ್ಕಿದ್ದು ನಾನು ಮಾರಿದ್ದ ಚೀಲಾನೇ. ಅವತ್ತಿಂದ ಅದರ ಸಹವಾಸ ಬಿಟ್ಟೆ," ಎನ್ನುತ್ತಾರೆ.

ಈಗಿನ ಕಟ್ಟಳೆ ಒಂದೇ. ಉಂಡವರು ಎಲೆಯನ್ನು ತಾವೇ ತಂದು ಕೊಡಬೇಕು. ವಾಗಿಯೆಮ್ ಅದನ್ನು ಬಿಚ್ಚಿ ನೋಡಿಯೇ ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆಯುವುದು. ಆ ಗೊಬ್ಬರ ಶಾಲೆಯ ಮೆಣಸಿನ ಮಡಿಗೆ ಹೋಗುತ್ತದೆ. "ಪರೀಕ್ಷೇಲಾದ್ರೂ ಕಾಪಿ ಹೊಡೀಬಹುದು, ಈ ದೊಡ್ಡಮ್ಮನ ಹತ್ರ ನಡೆಯಲ್ಲ," ಎಂದು ಗೊಣಗುತ್ತಾರೆ ಹುಡುಗರು. ಸೊಪ್ಪು ಬಿಟ್ಟವರಿಗೆ ಬೈಗುಳ ಗ್ಯಾರಂಟಿ.

ಈ ವರ್ಷ ಮೊದಲ ಮಳೆಗೆ ಎಡವಟ್ಟಾಯಿತು. ಬೇಸಿಗೆಯಲ್ಲಿ ಬೋಳಾಗಿದ್ದ ತೇಗ ಆಗಷ್ಟೇ ಚಿಗುರಿತ್ತು. ಕೂಡಿಟ್ಟಿದ್ದ ಬಲಿತ ಎಲೆ ಮುಗಿದು ವಾಗಿಯೆಮ್ ಎಳೆ ಎಲೆಯನ್ನೇ ಕಿತ್ತು ತಂದರು. ತಿಕ್ಕಿದರೆ ರಕ್ತದ ಹಾಗೆ ಕೆಂಪು ಬಿಡುವ ಎಲೆ ಅದು. ಮಕ್ಕಳು ಬಿಡುತ್ತಾರೆಯೇ? ಒಬ್ಬರ ಬೆನ್ನಿಗೆ ಒಬ್ಬರು ಉಜ್ಜಿ, ಬಿಳಿ ಅಂಗಿಗಳನ್ನೆಲ್ಲ ಹಾಳುಗೆಡವಿದರು.

ಪೋಷಕರ ಸಭೆಯಲ್ಲಿ ರಂಪವೋ ರಂಪ. ಎಲ್ಲರಿಗಿಂತ ಜೋರು ಸುಲಾಸ್ತ್ರಿ ಎಂಬ ತಾಯಿಯದು. "ಒಗೆದು ಒಗೆದು ಕೈ ಬಿದ್ದೋಯ್ತು! ನಾಳೆಯಿಂದ ಪ್ಲಾಸ್ಟಿಕ್ಕಲ್ಲಿ ಕೊಡಲಿ, ಆಗಲ್ಲ ಅಂದ್ರೆ ಜಾಗ ಬಿಡಲಿ." ಮುಖ್ಯೋಪಾಧ್ಯಾಯಿನಿ ರೆತ್ನೊ ಕೂಡ ಹೌದೆಂದು ತಲೆಯಾಡಿಸಿದರು. ಪ್ಲಾಸ್ಟಿಕ್ ಮುಟ್ಟೆನೆಂದ ವಾಗಿಯೆಮ್‌ಗೆ ಉಳಿದದ್ದು ಜಾಗ ಬಿಡುವ ದಾರಿಯೊಂದೇ.

ಆ ಸುಲಾಸ್ತ್ರಿಯ ಮಗಳು ನಿಂಗ್ರುಮ್‌ಳ ಎಲೆ ಹಲವು ದಿನಗಳಿಂದ ಭಾರವಾಗಿಯೇ ವಾಪಸು ಬರುತ್ತಿತ್ತು. ಕೇಳಿದರೆ ಹುಡುಗಿ ಎಲೆ ಇಟ್ಟು ಓಡಿಬಿಡುತ್ತಿದ್ದಳು. ಅದನ್ನು ಸಭೆಯಲ್ಲಿ ಎತ್ತಿ ಆಡಿದ್ದರೆ ಸುಲಾಸ್ತ್ರಿಯ ಬಾಯಿ ಅಲ್ಲೇ ಕಟ್ಟಿಹೋಗುತ್ತಿತ್ತು. ವಾಗಿಯೆಮ್ ಹೇಳಿದ್ದು, "ತಪ್ಪು ನಂದೇ ತಾಯಿ," ಅಷ್ಟೆ. "ಮಗೂನ ಸಂಕಟ ತಗೊಂಡು ನನ್ನ ಹೊಟ್ಟೆಪಾಡು ಉಳಿಸ್ಕೊಳ್ಳೋದಾ? ಥೂ!" ಎನ್ನುತ್ತಾರೆ ಈಗ.

ಸಂಜೆ ವಾಗಿಯೆಮ್ ಸುಲಾಸ್ತ್ರಿಯ ಮನೆ ಬಾಗಿಲಿಗೆ ಹೋದರು. ಗೋಗರೆಯಲು ಬಂದಳೆಂದೇ ಸುಲಾಸ್ತ್ರಿ ತಿಳಿದದ್ದು. "ಅಂಗಿ ವಿಷಯ ಅಲ್ಲಮ್ಮ, ನಿನ್ನ ಮಗಳು ಉಣ್ತಾ ಇಲ್ಲ," ಎಂದರು ವಾಗಿಯೆಮ್. "ಶಾಲೇಲಿ ಹೊಟ್ಟೆ ತುಂಬ ಉಂಡೆ ಅಂತಾಳಲ್ಲ!" ಎಂದು ಸುಲಾಸ್ತ್ರಿ ಮಗಳತ್ತ ತಿರುಗಿದರೆ ಹುಡುಗಿ ಆಗಲೇ ಬಿಕ್ಕುತ್ತಿದ್ದಳು. ತರಗತಿಯಲ್ಲಿ ಅವಳನ್ನು ಡುಮ್ಮಿ ಡುಮ್ಮಿ ಎಂದು ಆಡಿಕೊಳ್ಳುತ್ತಿದ್ದರಂತೆ.

ಮರುದಿನ ಸುಲಾಸ್ತ್ರಿ ನೇರ ರೆತ್ನೊ ಅವರ ಕೋಣೆಗೆ ನುಗ್ಗಿದರು. "ನನ್ನ ಮಗಳು ಉಣ್ಣಲಿಲ್ಲ ಅಂತ ಪ್ಲಾಸ್ಟಿಕ್ ಚೀಲ ಮನೆಗೆ ಬಂದು ಹೇಳುತ್ತಾ ಮೇಡಂ? ಈಯಮ್ಮ ಎಲ್ಲೂ ಹೋಗಕೂಡದು." ವಾಗಿಯೆಮ್ ಉಳಿದರು. ಆಡಿಕೊಳ್ಳುತ್ತಿದ್ದ ಮಕ್ಕಳನ್ನು ರೆತ್ನೊ ತಾವೇ ಕೂರಿಸಿ ಮಾತಾಡಿದರು. ತೇಗ ಚಿಗುರುವ ಕಾಲಕ್ಕೆ ಬಾಳೆ ಎಲೆ ಇರಲೆಂದು ನಲ್ಲಿಯ ನೀರು ಹರಿಯುವಲ್ಲಿ ಮಕ್ಕಳೇ ಬಾಳೆಕಂದು ನೆಟ್ಟಿದ್ದಾರೆ. ಈಗ ಆ ಶಾಲೆಯಲ್ಲಿ ಹುಡುಕಿದರೂ ಒಂದು ಚೀಲ ಸಿಗದು. ಹೆಮ್ಮೆಪಡಲು ಇದಕ್ಕಿಂತ ಇನ್ನೇನು ಬೇಕು?

ನಿಮಗೇನು ಬೇಕು ಎಂದು ಕೇಳಿದರೆ ವಾಗಿಯೆಮ್ ಕೈ ಒರೆಸಿಕೊಳ್ಳುತ್ತಾರೆ. "ನನಗೂ ವಯಸ್ಸಾಯ್ತು. ನಾಳೆ ಇಲ್ಲಿಗೆ ಯಾರಾದ್ರೂ ಬರ್ತಾರೆ, ನನಗಿಂತ ಚೆನ್ನಾಗೇ ಅಡುಗೆ ಮಾಡ್ತಾರೆ. ಆದ್ರೆ ಯಾವ ಮಗು ಹಸ್ಕೊಂಡಿದೆ ಅಂತ ನೋಡೋರು ಬರಬೇಕು ಕಣಪ್ಪ. ಅಂಥೋರು ಬಂದ ದಿನ ಈ ಸೌಟು ಕೊಟ್ಟು ನಡೀತೀನಿ. ಅಲ್ಲೀವರೆಗೆ ಯಾರು ಕೇಳಿದ್ರೂ ಕೊಡಲ್ಲ."