ಹಿಂದೆ ಎರಡು ಚಕ್ರವೋ, ನಾಲ್ಕೋ

ಒಂದು ಟ್ರಕ್ ಆರಿಸುವುದಕ್ಕೆ ನಾವು ಮೂವರು ಗೆಳೆಯರು ತೆಗೆದುಕೊಂಡಷ್ಟು ಕಾಲವನ್ನು ಹೆಣ್ಣು ನೋಡುವುದಕ್ಕೂ ತೆಗೆದುಕೊಂಡಿರಲಿಲ್ಲ. ಹೆಣ್ಣು ನೋಡಿದ್ದು, ಒಪ್ಪಿದ್ದು, ಮದುವೆಯಾದದ್ದು ಎಲ್ಲವೂ ಒಂದೇ ರಜೆಯಲ್ಲಿ ಮುಗಿದಿತ್ತು. ಟ್ರಕ್ಕಿನ ವಿಷಯದಲ್ಲಿ ಬೇಸಿಗೆ ಹೋಗಿ ಚಳಿಗಾಲ ಬಂದರೂ ನಾವಿನ್ನೂ ಹಿಂದಿನ ಚಕ್ರಗಳ ಬಳಿಯೇ ನಿಂತಿದ್ದೆವು. ಮೂವರೂ ಎಂಜಿನಿಯರುಗಳು. ಒಬ್ಬ ಎಂಜಿನಿಯರ್ ಒಂದು ಟ್ರಕ್ ಕೊಳ್ಳಬಲ್ಲ. ಮೂವರು ಸೇರಿದರೆ ಮೀಟಿಂಗ್ ಮಾಡಬಲ್ಲರು.

ಓದಲು ಬಂದ ಹೊಸದರಲ್ಲಿ ನಾವು ಒಂದೇ ಅಪಾರ್ಟ್‌ಮೆಂಟಿನಲ್ಲಿ, ಒಂದೇ ಕುಕ್ಕರಿನಲ್ಲಿ ಬದುಕಿದವರು. ಆಗಿನಿಂದಲೂ ಒಬ್ಬರನ್ನೊಬ್ಬರು ಊರಿನಿಂದಲೇ ಕರೆಯುತ್ತೇವೆ. ಮೈಸೂರು ಎಂದರೆ ನಾನು. ಡಲ್ಲಾಸಿನ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಮನೆ. ಧಾರವಾಡ ಎಂದರೆ ಹ್ಯೂಸ್ಟನ್ನಿನ ಪಕ್ಕದ ಕೇಟಿಯವನು, ಆಯಿಲ್ ಕಂಪನಿಯಲ್ಲಿ ಇದ್ದವನು. ಉಡುಪಿ ಎಂದರೆ ಆಸ್ಟಿನ್ನಿಂದ ಮೇಲಕ್ಕೆ ಜಾರ್ಜ್‌ಟೌನಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡು, ಅದರ ಲಾನಿನ ಬಗ್ಗೆ ಮಾತ್ರ ಮಾತಾಡುವವನು. ಮೂವರಿಗೂ ಈಗ ಕೆಲಸವಿಲ್ಲ, ಅಂದರೆ ರಿಟೈರ್ ಆಗಿದ್ದೇವೆ.

ರಿಟೈರ್ ಆದ ಮೇಲೆ ಮೂರೂ ಜೋಡಿ ಒಂದೇ ಮನೆಯನ್ನು ಟ್ರಕ್ಕಿಗೆ ಕಟ್ಟಿಕೊಂಡು ಪಶ್ಚಿಮದ ಕಡೆ ಹೋಗುವುದು ಧಾರವಾಡದವನ ಹಳೆಯ ಹುಚ್ಚು. ಅದಕ್ಕೆ ನಾವು ಎಂದೂ ಗಮನ ಕೊಟ್ಟಿರಲಿಲ್ಲ. ಹೋದ ವರ್ಷ ಅವನಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ಕೀಮೋ ಆಯಿತು, ಡಾಕ್ಟರು ಎಲ್ಲ ಕ್ಲಿಯರ್ ಎಂದರಂತೆ. ಮನೆಗೆ ಬಂದವನೇ ಫೋನ್ ಮಾಡಿ, "ಹೋಗೂಣೇನಲೇ? ಆರೂ ಮಂದಿ, ಒಂದs ಗಾಡಿ" ಎಂದ. ಇಬ್ಬರೂ ಹೂಂ ಎಂದೆವು. ಈ ಪ್ರಯಾಣ ಅವನಿಗೋಸ್ಕರ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ಬರುವ ಶಕ್ತಿ ಇದೆಯೇ ಎನ್ನುವುದೊಂದೇ ಕೇಳಬೇಕಾದ ಪ್ರಶ್ನೆ. ಅದನ್ನು ಯಾರೂ ಕೇಳಲಿಲ್ಲ. ಬದಲಿಗೆ ಟ್ರಕ್ಕಿನ ಆಕ್ಸಲ್ ರೇಶಿಯೋ ಎಷ್ಟು ಎಂದು ಕೇಳಿದೆವು.

ಆ ಮನೆಗೆಂದು ನಾವು ಆರಿಸಿದ್ದು ಫಿಫ್ತ್ ವೀಲ್ ಎಂಬ ಬಗೆಯ ಟ್ರೇಲರ್. ಇದು ಸಾಮಾನ್ಯ ಟ್ರೇಲರಿನ ಹಾಗೆ ಗಾಡಿಯ ಬಾಲಕ್ಕೆ ಕಟ್ಟುವಂಥದ್ದಲ್ಲ. ಇದರ ಕತ್ತು ಮುಂದಕ್ಕೆ ಚಾಚಿಕೊಂಡು ಬಂದು ಪಿಕಪ್ ಟ್ರಕ್ಕಿನ ಹಿಂಭಾಗದ ತೆರೆದ ಬೆಡ್ಡಿನ ಮೇಲೆ ಕೂರುತ್ತದೆ. ಹಾಗಾಗಿ ಟ್ರಕ್ಕು ಅದನ್ನು ಎಳೆದರೆ ಸಾಲದು, ಅದರ ಕತ್ತನ್ನು ಹೊರಲೂ ಬೇಕು. ಜಾಹೀರಾತಿನವರು ಎಳೆಯುವ ತಾಕತ್ತನ್ನು ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಹೊರುವ ತಾಕತ್ತು ಡ್ರೈವರ್ ಬಾಗಿಲಿನ ಸಂದಿಯಲ್ಲಿ ಒಂದು ಸ್ಟಿಕರಿನ ಮೇಲಿರುತ್ತದೆ. ಓದಲು ಕನ್ನಡಕ ಬೇಕು. ಟ್ರೇಲರಿನ ಕತ್ತು, ಒಳಗೆ ಕೂರುವ ಜನ, ಅವರ ಸಾಮಾನು ಎಲ್ಲ ಸೇರಿ ಆ ಸಂಖ್ಯೆಯೊಳಗೆ ಇರಬೇಕು.

ಕೆಲವು ಸಂಗತಿಗಳು ಬೇಗ ತೀರ್ಮಾನವಾದವು. ಆರು ಜನ ಎಂದ ಮೇಲೆ ನಾಲ್ಕು ಬಾಗಿಲಿನ ಕ್ಯಾಬು, ಮುಂದೆಯೂ ಮೂವರು ಕೂರುವ ಸೀಟು. ಗಿಡ್ಡ ಬೆಡ್ ಆದರೆ ತಿರುವಿನಲ್ಲಿ ಟ್ರೇಲರಿನ ಮೂಗು ಹಿಂದಿನ ಗಾಜಿಗೆ ಮುತ್ತಿಡುವ ಸಂಭವವಿದೆ, ಆದ್ದರಿಂದ ಉದ್ದದ ಬೆಡ್. ಡೀಸೆಲ್ಲೋ ಪೆಟ್ರೋಲೋ ಎಂಬುದು ಒಂದು ತಿಂಗಳು ತೆಗೆದುಕೊಂಡಿತು. ಆ ತಿಂಗಳಲ್ಲಿ ಉಡುಪಿಯವನು ನನ್ನ ಜೊತೆ ನಾಲ್ಕು ದಿನ ಮಾತು ಬಿಟ್ಟಿದ್ದ. ಕೊನೆಗೆ ಡೀಸೆಲ್ ಎಂದಾಯಿತು.

ಉಳಿದದ್ದು ಹಿಂದಿನ ಚಕ್ರ. ಒಂದೊಂದು ಬದಿಗೆ ಒಂದೊಂದು ಚಕ್ರವಿದ್ದರೆ ಸಿಂಗಲ್. ಎರಡೆರಡು ಇದ್ದರೆ ಡ್ಯೂಯಲಿ. ಹೆಚ್ಚು ಹೊರುತ್ತದೆ, ಹಿಂಭಾಗ ಉಬ್ಬಿಕೊಂಡಿರುತ್ತದೆ.

"ಡ್ಯೂಯಲಿನs ಬೇಕು," ಎಂದ ಧಾರವಾಡದವನು. "ಗಾಡಿ ಅಂದ್ರ ಕುಂಡಿ ಅಗಲ ಇರಬೇಕಲೇ."

"ಹಂಗ ಮಾತಾಡಬ್ಯಾಡ್ರಿ," ಎಂದರು ಅವನ ಹೆಂಡತಿ.

"ಎಂತಕ್ಕೆ ಮಾರಾಯ?" ಎಂದ ಉಡುಪಿಯವನು. "ಸಿಂಗಲ್ ಧಾರಾಳ ಸಾಕು. ಆ ಸೊಂಟ ತಗೊಂಡು ಬ್ಯಾಂಕಿನ ಡ್ರೈವ್ ಥ್ರೂ ಒಳಗೆ ಹೋಗ್ಲಿಕ್ಕುಂಟಾ? ದೇವಸ್ಥಾನದ ಪಾರ್ಕಿಂಗಲ್ಲಿ ಎರಡು ಜಾಗ ಹಿಡೀತದೆ. ಮತ್ತೆ ನೀನು ಪಾರ್ಕ್ ಮಾಡ್ತೀಯಾ, ನಾನಾ?"

"ನಾನs ಮಾಡ್ತೀನಿ."

"ಇಡೀ ಪ್ರಯಾಣ?"

"ಇಡೀ ಪ್ರಯಾಣ."

ಈ ಸಂಭಾಷಣೆ ವಾರಕ್ಕೊಮ್ಮೆ ಫೋನಿನಲ್ಲಿ ನಡೆಯುತ್ತಿತ್ತು. ನನ್ನ ಹೆಂಡತಿ ಅದನ್ನು ಕೇಳುತ್ತ ತರಕಾರಿ ಹೆಚ್ಚುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಲೆಕ್ಕ ಹಾಕಿಯೇ ಬಿಡೋಣ ಎಂದು ಜಾರ್ಜ್‌ಟೌನಿನಲ್ಲಿ ಸೇರಿದೆವು. ಊಟಕ್ಕೆ ಎಲ್ಲರೂ ಕೂತಾಗ ನಾನು ಅವರವರ ತೂಕ ಹೇಳಿ ಎಂದೆ. ಸಾರು ಬಡಿಸುತ್ತಿದ್ದ ಸೌಟು ನಿಂತಿತು. ನಮ್ಮವರಲ್ಲಿ ಸಂಬಳ ಕೇಳಬಹುದು, ಮನೆಗೆ ಎಷ್ಟು ಕೊಟ್ಟಿರಿ ಎಂದು ಕೇಳಬಹುದು, ಮಗಳಿಗೆ ಯಾಕೆ ಇನ್ನೂ ಮದುವೆ ಮಾಡಿಲ್ಲ ಎಂದು ಊಟದ ಮಧ್ಯೆಯೇ ಕೇಳಬಹುದು. ತೂಕ ಕೇಳುವ ಹಾಗಿಲ್ಲ. ಕೊನೆಗೆ ಒಬ್ಬೊಬ್ಬರೇ ಒಂದೊಂದು ಸಂಖ್ಯೆ ಹೇಳಿದರು. ನನ್ನ ಹೆಂಡತಿ ಹೇಳಿದ್ದು ನಮ್ಮ ಮದುವೆಯ ಕಾಲದ ತೂಕ. ಎದುರಿಗೆ ಕೂತು ಕೇಳಿಸಿಕೊಂಡ ನಾನು ಹಪ್ಪಳ ಮುರಿದೆ. ನನ್ನದೇನು ದೊಡ್ಡ ಸತ್ಯವಾಗಿರಲಿಲ್ಲ. ಧಾರವಾಡದವನು ಎದೆ ಉಬ್ಬಿಸಿ, "ನೂರಾ ಎಂಬತ್ತು ಪೌಂಡ್ ಬರಕೋ. ಹೋದದ್ದೆಲ್ಲಾ ಹೊಳ್ಳಿ ಬಂದದ" ಎಂದ. ಅಷ್ಟು ಕಾಣುತ್ತಿರಲಿಲ್ಲ. ಆದರೆ ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡ, ನಮಗೆ ಅಷ್ಟೇ ಬೇಕಾಗಿತ್ತು.

ಮೊದಲೇ ತೂಗಿಟ್ಟಿದ್ದ ಸಾಮಾನನ್ನೂ ಸೇರಿಸಿ, ಹೇಳಿದ ಲೆಕ್ಕಕ್ಕೆ ಸಿಂಗಲ್ ಕೂದಲೆಳೆಯಲ್ಲಿ ಸಾಕಾಗುತ್ತಿತ್ತು. ಉಡುಪಿಯವನು ಗೆದ್ದೆ ಎಂದ. ಧಾರವಾಡದವನು ಕೂದಲೆಳೆಯ ಮೇಲೆ ನಾನು ಗುಡ್ಡ ಹತ್ತೂದಿಲ್ಲ ಎಂದ. ನಿಜವಾಗಿ ತೂಗಿ ನೋಡುವುದು ಎಂದು ತೀರ್ಮಾನವಾಯಿತು.

ಜನವರಿಯ ಒಂದು ಶನಿವಾರ ಕೇಟಿಯ ಹತ್ತಿರದ ಡೀಲರ್ ಬಳಿ ಹೋದೆವು. ಅಂಗಳದಲ್ಲಿ ನಮಗೆ ಬೇಕಾದಂಥದ್ದೇ ಒಂದು ಬಿಳಿ ಸಿಂಗಲ್ ನಿಂತಿತ್ತು. ಟ್ರೇಲರಿನ ಕತ್ತಿನ ಭಾರ ಡೀಲರಿಗೆ ಗೊತ್ತಿತ್ತು. ಸೇಲ್ಸ್‌ನವನು, ನೀವು ಪ್ರಯಾಣ ಹೊರಡುವ ಹಾಗೆಯೇ ತುಂಬಿಕೊಂಡು, ಮುಂದೆ ಮರಳು ಜಲ್ಲಿ ಮಾರುವ ಕಡೆ ವೇಬ್ರಿಡ್ಜ್ ಇದೆ, ತೂಗಿಕೊಂಡು ಬನ್ನಿ ಎಂದ. ಹೊರಡುವ ಹಾಗೆ ತುಂಬುವುದು ಎಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಯ ವೆಟ್ ಗ್ರೈಂಡರ್, ಎರಡು ಮೂಟೆ ಅಕ್ಕಿ, ಧಾರವಾಡದವರ ಜೋಳದ ಹಿಟ್ಟಿನ ಚೀಲ, ಉಡುಪಿಯವರ ತೆಂಗಿನಕಾಯಿ ಮತ್ತು ಅದನ್ನು ತುರಿಯುವ ಮಣೆ ಎಲ್ಲ ಬೆಡ್ಡಿಗೆ ಏರಿದವು. ಸೇಲ್ಸ್‌ನವನು ಟೋಪಿ ತೆಗೆದು ನೋಡಿದ, ಮತ್ತೆ ಹಾಕಿಕೊಂಡ.

ಖಾಲಿ ಟ್ರಕ್ಕಿನ ತೂಕ ಮೊದಲೇ ನೋಡಿಟ್ಟುಕೊಂಡಿದ್ದೆವು. ಈಗ ಆರು ಜನರೂ ಒಳಗೆ ಕೂತು ವೇಬ್ರಿಡ್ಜಿನ ಮೇಲೆ ನಿಂತೆವು. ಹೊರಗಿನ ಬೋರ್ಡಿನಲ್ಲಿ ಕೆಂಪು ಸಂಖ್ಯೆ ಬಂತು. ಕಳೆದು ನೋಡಿದೆ. ಜಾರ್ಜ್‌ಟೌನಿನಲ್ಲಿ ಹಾಕಿದ ಲೆಕ್ಕಕ್ಕೆ ಸರಿಯಾಗಿ ಹೊಂದಿತು.

"ಸರಿ ಬಂತು!" ಎಂದೆ.

ಉಡುಪಿಯವನು ಬೋರ್ಡನ್ನು ಇನ್ನೊಮ್ಮೆ ಓದಿದ. ಆಮೇಲೆ, "ಸರಿ ಬಂದದ್ದೇ ತಪ್ಪು ಮಾರಾಯ," ಎಂದ. "ನಾನು ಕಡಿಮೆ ಹೇಳಿದ್ದೆ."

ನಾನೂ ಕಡಿಮೆ ಹೇಳಿದ್ದೆ. ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಎಲ್ಲರೂ ಕಡಿಮೆ ಹೇಳಿದ್ದರೆ ಒಟ್ಟು ಹೆಚ್ಚು ಬರಬೇಕಿತ್ತು. ವೇಬ್ರಿಡ್ಜ್ ಕೆಟ್ಟಿದೆ ಎಂದು ಉಡುಪಿಯವನ ತರ್ಕ. ಅದನ್ನು ಪರೀಕ್ಷಿಸಲು ನಾವು ಜೀವಮಾನವಿಡೀ ಕಚೇರಿಯಲ್ಲಿ ಮಾಡಿದ್ದನ್ನೇ ಮಾಡಿದೆವು: ಒಂದೊಂದೇ ಭಾಗ ತೆಗೆದು ನೋಡುವುದು. ಮೊದಲು ಉಡುಪಿಯವನು ಇಳಿದು ವೇಬ್ರಿಡ್ಜಿನ ಆಚೆ ಹೋಗಿ ನಿಂತ. ಬೋರ್ಡಿನ ಸಂಖ್ಯೆ ಬಿದ್ದದ್ದು ನೋಡಿ ಅವನ ಹೆಂಡತಿ ಬಾಯಿಗೆ ಸೆರಗು ಹಿಡಿದರು. ನಾನು ಇಳಿದೆ, ನನ್ನದು ಇನ್ನೂ ಅವಮಾನ. ನನ್ನ ಹೆಂಡತಿ ಮಾತ್ರ, "ನಾನು ಇಳಿಯಲ್ಲ. ಬೇಕಾದ್ರೆ ಲೆಕ್ಕದಲ್ಲೇ ಇಳಿಸ್ಕೊಳ್ಳಿ" ಎಂದಳು. ವೇಬ್ರಿಡ್ಜ್ ಕೆಟ್ಟಿಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ನಾವು ನಗುತ್ತಿದ್ದೆವು.

"ನಾನೂ ಇಳೀಬೇಕೇನಲೇ?" ಎಂದ ಧಾರವಾಡದವನು.

"ಇಳಿಯೋ, ನಿನ್ನ ಬಂಡವಾಳವೂ ಗೊತ್ತಾಗಲಿ," ಎಂದೆ.

ದಪ್ಪ ಜಾಕೆಟಿನಲ್ಲಿದ್ದ. ಮೇಲಿನ ಹಿಡಿ ಹಿಡಿದು, ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಸ್ವಲ್ಪ ತಡೆದು ಇಳಿದ. ನಮ್ಮ ಪಕ್ಕಕ್ಕೆ ಬಂದು ನಿಂತ. ಬೋರ್ಡಿನಲ್ಲಿ ಕಡಿಮೆಯಾದದ್ದು ನೂರಾ ನಲವತ್ತು.

"ಸ್ವಲ್ಪ ನಿಲ್ಲು," ಎಂದ ಉಡುಪಿಯವನು. "ಇನ್ನೂ ಬದಲಾಗ್ತದೆ."

ಮೂವರೂ ತಲೆಯೆತ್ತಿ ನೋಡುತ್ತ ನಿಂತೆವು. ಬದಲಾಗಲಿಲ್ಲ.

ಟ್ರಕ್ಕಿನೊಳಗಿಂದ ಅವನ ಹೆಂಡತಿ, "ಆ ಜಾಕೀಟಿನ ಒಳಗ ಎರಡು ಸ್ವೆಟರ್ ಅವ್ರಿ," ಎಂದರು. "ಮುಂಜಾನೆ ನಾನs ಹಾಕೀನಿ."

ನನಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಎಲ್ಲರೂ ಕಡಿಮೆ ಹೇಳುವಾಗ ನೀನೊಬ್ಬ ಯಾಕೆ ಹೆಚ್ಚು ಹೇಳಿದೆ ಎಂದು ಅವನ ಕಾಲರ್ ಹಿಡಿಯಬೇಕು ಅನ್ನಿಸಿತು. ಬಾಯಿಂದ ಬಂದದ್ದು, "ಯಾವಾಗಿಂದ?"

"ದೀಪಾವಳಿ ಮುಂದ ಹೊಳ್ಳಿ ಬಂದದ," ಎಂದ. ಜಾರ್ಜ್‌ಟೌನಿನಲ್ಲಿ ಹೊಳ್ಳಿ ಬಂದದ್ದು ತೂಕ ಎಂದಿದ್ದ, ಇದು ಕಾಯಿಲೆ. "ಲಿವರಿಗೆ ಹೋಗ್ಯದಂತ. ಔಷಧ ನಡದದ. ಹೇಳಿದ್ರ ನೀವು ಗಾಡಿ ತಗೋತಿದ್ದಿಲ್ಲ, ನನ್ನ ಮುಂದ ಕುಂತು ಅಳ್ತಿದ್ರಿ."

ಅದು ಸುಳ್ಳೆಂದು ಹೇಳಲಾಗಲಿಲ್ಲ. ವೇಬ್ರಿಡ್ಜಿನವನು ತನ್ನ ಕೋಣೆಯ ಕಿಟಕಿಯಿಂದ ತಲೆ ಹೊರಹಾಕಿ, ಇನ್ನೂ ಯಾರಾದರೂ ಇಳಿಯುವವರಿದ್ದಾರಾ ಎಂದು ಕೇಳಿದ. ಇಲ್ಲ ಎಂದು ಮತ್ತೆ ಹತ್ತಿ ಕೂತೆವು. ದಾರಿಯಲ್ಲಿ ತೆಂಗಿನಕಾಯಿಗಳು ಉರುಳಾಡುವ ಸದ್ದು ಮಾತ್ರ ಕೇಳುತ್ತಿತ್ತು. ಧಾರವಾಡದವನು ಹೆಂಡತಿಯ ಹೆಗಲಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದ. ಇಷ್ಟು ದಿನ ಅವನನ್ನು ಹಾಗೆ ಕೂರಲು ನಾವೇ ಬಿಟ್ಟಿರಲಿಲ್ಲವಲ್ಲ ಎಂದುಕೊಂಡೆ.

ಡೀಲರ್ ಬಳಿ ವಾಪಸ್ ಬಂದಾಗ ಸೇಲ್ಸ್‌ನವನು ಸಂಖ್ಯೆ ನೋಡಿ ಸಂತೋಷಪಟ್ಟ. ಈ ಬಿಳಿ ಸಿಂಗಲ್ ನಿಮ್ಮನ್ನು ಹೊರುತ್ತದೆ, ಬೇಕಾದರೆ ಇವತ್ತೇ ತೆಗೆದುಕೊಂಡು ಹೋಗಿ ಎಂದ. ಇದೇ ಕ್ಯಾಬು, ಇದೇ ಬೆಡ್ಡಿನ ಡ್ಯೂಯಲಿ ಬೇಕಿದ್ದರೆ ಆರ್ಡರ್ ಕೊಡಬೇಕು, ಬರುವುದು ಬೇಸಿಗೆಗೆ.

"ಡ್ಯೂಯಲಿ," ಎಂದ ಉಡುಪಿಯವನು.

ನಾನು ಅವನ ಮುಖ ನೋಡಿದೆ. ಆರು ತಿಂಗಳು ಸಿಂಗಲ್ ಸಿಂಗಲ್ ಎಂದು ನನ್ನ ಕಿವಿ ತೂತು ಮಾಡಿದವನು ಮೇಜಿನ ಮೇಲೆ ಕೈಯೂರಿ, ಕನ್ನಡದಲ್ಲಿ, ಯಾರನ್ನೂ ನೋಡದೆ ಹೇಳುತ್ತಿದ್ದ: "ಈಗ ಸಾಕಾಗ್ತದೆ, ಸರಿ. ಇವನ ನಲವತ್ತು ಪೌಂಡು ವಾಪಸ್ ಬಂದ್ರೆ? ಆಗ ಎಂತ ಮಾಡುವುದು? ಗುಡ್ಡದಲ್ಲಿ ಟಯರ್ ಒಡೆದ್ರೆ? ಡ್ಯೂಯಲಿಯೇ ತಗೊಳ್ಳುವ. ಬೇಸಿಗೆವರೆಗೆ ಕಾಯುವ. ಪಾರ್ಕಿಂಗ್ ನಾನು ಮಾಡ್ತೇನೆ."

"ಬ್ಯಾಡ," ಎಂದ ಧಾರವಾಡದವನು. ಕುರ್ಚಿಯಲ್ಲಿ ಕೂತು ಜಾಕೆಟ್ ಬಿಚ್ಚಿದ್ದ. "ಸಿಂಗಲ್ ತಗೋರಿ. ಇಲ್ಲೇ ನಿಂತದಲ್ಲ."

"ನಿನಗೆ ಡ್ಯೂಯಲಿ ಬೇಕಿತ್ತಲ್ಲ ಮಾರಾಯ."

"ಬೇಕಿತ್ತು. ನಿನ್ನ ಮಾತs ಖರೇ ಅದ. ಸಿಂಗಲ್ ಸಾಕು ನಮಗ."

ಉಡುಪಿಯವನು ಇನ್ನೇನೋ ಹೇಳಲು ಬಾಯಿ ತೆರೆದ. ಧಾರವಾಡದವನ ಹೆಂಡತಿ ಉಡುಪಿಯವನ ತೋಳು ಮುಟ್ಟಿ, ಬೇಡವೆಂದು ತಲೆಯಾಡಿಸಿದರು. ಸೇಲ್ಸ್‌ನವನಿಗೆ ಭಾಷೆ ಅರ್ಥವಾಗದಿದ್ದರೂ ಪೆನ್ನನ್ನು ಕೆಳಗಿಟ್ಟು ಕಾದ.

ನಾನು ಅವನಿಗೆ, ಬಿಳಿಯದು, ಇವತ್ತೇ ಎಂದೆ.

ಸಹಿ ಹಾಕುವಾಗ ಉಡುಪಿಯವನು ಅಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಹೊರಗೆ ಆ ಬಿಳಿ ಟ್ರಕ್ಕಿನ ಹಿಂದೆ, ನಮ್ಮ ಅಕ್ಕಿ ಮೂಟೆಗಳಿಗೆ ಒರಗಿ ನಿಂತಿದ್ದ. ಮುಖ ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

"ನಲವತ್ತು ವರ್ಷದಲ್ಲಿ ಅವ ಒಂದು ವಾದದಲ್ಲೂ ಸೋತದ್ದಿಲ್ಲ," ಎಂದ. "ಇವತ್ತು ನಾನು ಸೋಲ್ತೇನೆ ಅಂದ್ರೂ ಬಿಡ್ಲಿಲ್ಲ ಮಾರಾಯ."